ಯಾವ ಕಡೆ ಹುಡುಗ?

ಮೊಮ್ಮಗಳ ನಾಮಕರಣದ ಬ್ಯಾನರ್ ಮಾಡಿಸೋಣ ಅಂತ ದಾವಣಗೆರೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ನಮ್ಮೂರಿನ ಹಕ್ಕುಗಳ ಸಂಘದ ಕಾರ್ಯದರ್ಶಿಗಳು ಆಗಲೇ ಅಲ್ಲಿ ಕೂತಿದ್ದರು. ತೊಡೆ ಮೇಲೆ ಪೇಪರ್ ಹಾಸಿ ಮಂಡಕ್ಕಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ. ಹಿಂದಿನ ದಿನ ಯಾವುದೋ ಹುಡುಗ ಫೇಸ್‌ಬುಕ್ಕಲ್ಲಿ ಒಬ್ಬ ಮುಖಂಡರನ್ನು ಗೇಲಿ ಮಾಡಿ ಠಾಣೆ ಮೆಟ್ಟಿಲು ಹತ್ತಿದ್ದ. ಅದಕ್ಕೆ ಜಯದೇವ ಸರ್ಕಲ್‌ನಲ್ಲಿ ಧರಣಿಯಂತೆ.

ಕಂಪ್ಯೂಟರ್ ಮುಂದಿನ ಹುಡುಗ ತಲೆ ಎತ್ತದೆ ಕೇಳಿದ: "ಯಾವ ಫೈಲ್ ತೆಗೀಲಿ ಸರ್? ಮುಷ್ಟೀದಾ, ತಕ್ಕಡೀದಾ?"

ಎರಡೂ ರೆಡಿ ಇದ್ದವು. ಒಂದರಲ್ಲಿ ಕೆಂಪು ಮುಷ್ಟಿ, 'ವಾಕ್ ಸ್ವಾತಂತ್ರ್ಯದ ಕಗ್ಗೊಲೆ!' ಇನ್ನೊಂದರಲ್ಲಿ ನೀಲಿ ತಕ್ಕಡಿ, 'ಸ್ವಾತಂತ್ರ್ಯ ಸ್ವೇಚ್ಛೆಯಲ್ಲ, ಕಾನೂನು ತನ್ನ ಕೆಲಸ ಮಾಡಲಿ.' ಕೆಳಗಿನ ಸಾಲು ಎರಡಕ್ಕೂ ಒಂದೇ: 'ಪಕ್ಷಾತೀತ ವೇದಿಕೆ'.

"ಮುಷ್ಟೀದೇ ತೆಗಿಯಪ್ಪಾ" ಅಂದ ಕಾರ್ಯದರ್ಶಿಗಳಿಗೆ ಅಷ್ಟರಲ್ಲಿ ಫೋನ್ ಬಂತು. "ಹೌದಾ? ಬೈದಿದ್ದು ನಮ್ಮವರಿಗಾ?" ಮಿರ್ಚಿ ಕೈಯಲ್ಲೇ ನಿಂತಿತು. "ತಮ್ಮಾ, ತಕ್ಕಡಿ ಹಾಕು. ಅಳತೆ ಅದೇ ಇರಲಿ."

"ಹುಡುಗ ಬರೆದಿದ್ದಾದರೂ ಏನು ಸರ್?" ಅಂದೆ.

"ನಾನು ಓದಿಲ್ರಿ. ಓದಿದ್ರೆ ಪೂರ್ವಾಗ್ರಹ ಬಂದುಬಿಡ್ತದೆ."

ನನ್ನ ಬಾಯಿ ಸುಮ್ನಿರಬೇಕಲ್ಲ. ಸ್ಕೋಕಿ ಕಥೆ ತೆಗೆದೆ. 1977ರಲ್ಲಿ ಅಮೆರಿಕದ ಆ ಊರಲ್ಲಿ ಮೆರವಣಿಗೆ ಮಾಡ್ತೀವಿ ಅಂತ ನಾಜಿಗಳ ಒಂದು ಗುಂಪು ಹೊರಟಿತು. ಊರಲ್ಲಿ ಯಹೂದಿಗಳೇ ಜಾಸ್ತಿ ಅನ್ನಬಹುದು. ಹಿಟ್ಲರನ ಶಿಬಿರಗಳಿಂದ ಜೀವ ಉಳಿಸಿಕೊಂಡು ಬಂದವರೂ ಇದ್ದರು. ಊರಿನವರು ತಡೆದರು. ಆಗ ಆ ಗುಂಪಿನ ಪರ ಕೋರ್ಟಿಗೆ ಹೋಗಿದ್ದು ಎಸಿಎಲ್‌ಯು ಅನ್ನೋ ಹಕ್ಕುಗಳ ಸಂಸ್ಥೆ. ಕೇಸು ನಡೆಸಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ತಾನೇ ಯಹೂದಿ! ಸಿಟ್ಟಿಗೆದ್ದು ಸಾವಿರಾರು ಸದಸ್ಯರು ಸಂಸ್ಥೆ ಬಿಟ್ಟರು. ಕೇಸು ಗೆದ್ದರು. ಮೆರವಣಿಗೆ ಮಾತ್ರ ಸ್ಕೋಕಿಯಲ್ಲಿ ನಡೆಯಲೇ ಇಲ್ಲ.

"ಸಾವಿರಾರು ಜನ ಬಿಟ್ರಾ?" ಕಾರ್ಯದರ್ಶಿಗಳು ಗಾಬರಿಯಾದರು. "ನಮ್ಮಲ್ಲಿರೋದೇ ಹನ್ನೊಂದು ಜನ ಸರ್. ಅದ್ರಲ್ಲಿ ನಾಲ್ವರು ಒಂದೇ ಮನೆಯವರು."

ಆಮೇಲೆ ಎದೆಯುಬ್ಬಿಸಿ, "ನಮ್ಮದು ಜೆಪಿ ಪರಂಪರೆ" ಅಂದರು. ಅದು ಸುಳ್ಳಲ್ಲ ಬಿಡಿ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಎಲ್ಲ ಪಕ್ಷದವರೂ ಒಟ್ಟಿಗೆ ಕೂರಲಿ ಅಂತಲೇ ಜಯಪ್ರಕಾಶ ನಾರಾಯಣರು ನಾಗರಿಕ ಹಕ್ಕುಗಳ ಸಂಘಟನೆ ಕಟ್ಟಿದರು. 1977ರಲ್ಲಿ ಸರ್ಕಾರ ಬದಲಾಯಿತು, ಸಂಘಟನೆಗೆ ನಿದ್ದೆ ಹತ್ತಿತು. 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಗೆದ್ದು ಬಂದ ಮೇಲೆ ಎಚ್ಚರವಾಗಿ ಪಿಯುಸಿಎಲ್ ಅನ್ನೋ ಹಕ್ಕುಗಳ ಸಂಘಟನೆ ಆಯಿತು. ಮಧ್ಯದ ಮೂರು ವರ್ಷ ಯಾರ ಹಕ್ಕಿಗೂ ಏನೂ ಆಗಿರಲಿಲ್ಲ ಅಂತ ಕಾಣ್ತದೆ. ಪರಂಪರೆಯಲ್ಲಿ ಯಾವ ಭಾಗ ಬೇಕೋ ಅದನ್ನು ಆರಿಸಿಕೊಳ್ಳೋ ಸ್ವಾತಂತ್ರ್ಯವೂ ನಮಗಿದೆ, ಅಲ್ವಾ?

ತಕ್ಕಡಿ ಪರದೆ ಮೇಲೆ ಬಂತು. ಕಾರ್ಯದರ್ಶಿಗಳು ಎಣ್ಣೆಗೈ ಪೇಪರಿಗೆ ಒರೆಸಿಕೊಂಡು ಹತ್ತಿರ ಬಗ್ಗಿ ನೋಡಿದರು.

"ಸರ್, ಇದಕ್ಕೂ 'ಪಕ್ಷಾತೀತ' ಸಾಲು ಬೇಕಾ?" ಕೇಳಿದ ಹುಡುಗ.

"ಇದಕ್ಕೇ ಬೇಕಾಗಿರೋದು ತಮ್ಮಾ. ಸ್ವಲ್ಪ ದಪ್ಪ ಮಾಡು."