ಮರೂನ್ ಡಬ್ಬಿಯಲ್ಲಿ ಮಹಿಳಾ ಸುರಕ್ಷತೆ

ಸರ್ಕಾರಕ್ಕೆ ಹೆಣ್ಣುಮಕ್ಕಳ ಮೇಲೆ ಕಾಳಜಿ ಇಲ್ಲ ಅಂತ ಯಾರೂ ಹೇಳಬೇಡಿ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಬಂದೂಕು ಕಾರ್ಖಾನೆ ನಮಗೋಸ್ಕರ ಅಂತಲೇ ಒಂದು ರಿವಾಲ್ವರ್ ತಂದಿತು. ಹೆಸರು ನಿರ್ಭೀಕ್. 0.32 ಬೋರ್, ಆರು ಗುಂಡು, ಟೈಟಾನಿಯಂ ಮಿಶ್ರಲೋಹ, ತೂಕ ಹೆಚ್ಚುಕಡಿಮೆ ಅರ್ಧ ಕೆಜಿ. ಆಗಿನ ಬೆಲೆ 1,22,360 ರೂಪಾಯಿ. ಆಗ ಆ ದುಡ್ಡಿಗೆ ಎರಡು ಸ್ಕೂಟರ್ ಬರುತ್ತಿತ್ತು. ಆ 360 ನೋಡಿ, ಎಷ್ಟು ಪ್ರಾಮಾಣಿಕ ಲೆಕ್ಕ!

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ಒಬ್ಬ ಹುಡುಗಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ನೆನಪಿಗೆ ಈ ಹೆಸರಂತೆ. ಆ ಹುಡುಗಿಯ ನಿಜವಾದ ಹೆಸರು ಅಚ್ಚು ಹಾಕಲು ಕಾನೂನು ಬಿಡುವುದಿಲ್ಲ. ಪತ್ರಿಕೆಗಳು ಇಟ್ಟ ‘ನಿರ್ಭಯಾ’ ಅನ್ನುವ ಹೆಸರನ್ನು ಚೂರು ತಿದ್ದಿ ಮಾಲಿಗೆ ಅಂಟಿಸಿದರೆ ಮಾತ್ರ ಅಡ್ಡಿಯಿಲ್ಲ. ಆ ರಾತ್ರಿ ಕಪ್ಪು ಗಾಜು ಹಾಕಿಕೊಂಡು, ಪರದೆ ಎಳೆದುಕೊಂಡಿದ್ದ ಖಾಸಗಿ ಬಸ್ಸೊಂದು ರಾಜಧಾನಿಯ ರಸ್ತೆಗಳಲ್ಲಿ ಆರಾಮಾಗಿ ಸುತ್ತುತ್ತಿತ್ತು. ಅದನ್ನು ನಿಲ್ಲಿಸಿ ನೋಡಬೇಕಾದವರು ನೋಡಲಿಲ್ಲ. ಹಾಗಾಗಿ ನೀವು ರಿವಾಲ್ವರ್ ಕೊಳ್ಳಿ. ತರ್ಕ ಸರಿಯಾಗಿದೆ ಅಲ್ವಾ?

ಇದು ಬಂದದ್ದು ಒಡವೆ ಡಬ್ಬಿಯಂಥ ಮರೂನ್ ಪೆಟ್ಟಿಗೆಯಲ್ಲಿ. ಕಾರ್ಖಾನೆಯಲ್ಲಿ ಯಾರೋ ಮೇಜಿನ ಸುತ್ತ ಕೂತು, ಹೆಂಗಸರಿಗೆ ಏನು ಬೇಕು ಅಂತ ಗಂಭೀರವಾಗಿ ಯೋಚಿಸಿರಬೇಕು. ಅಮೆರಿಕದವರು ಇನ್ನೂ ಮುಂದೆ ಹೋಗಿ ರಿವಾಲ್ವರಿಗೆ ಗುಲಾಬಿ ಬಣ್ಣ ಹಚ್ಚಿ ‘ಪಿಂಕ್ ಲೇಡಿ’ ಅಂತ ಮಾರುತ್ತಾರೆ. ನಮ್ಮ ಕೊಡಗಿನ ಹೆಂಗಸರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಗಂಡಸರು ಹಿಡಿಯುವ ಕೋವಿಯನ್ನೇ ಹಿಡಿದು ಕಾಯಿ ಒಡೆಯುತ್ತಾರೆ. ಪಾಪ, ಅವರಿಗೆ ಮ್ಯಾಚಿಂಗ್ ಗೊತ್ತಿಲ್ಲ.

ಹಗುರ ಮಾಡಿದ್ದು ನಮ್ಮ ನಾಜೂಕು ಕೈಗೆ ಅನುಕೂಲವಾಗಲಿ ಅಂತ. ಆದರೆ ಇದು ಲೇಡೀಸ್ ಮಾಡೆಲ್ ಅಂತ ಗುಂಡಿಗೆ ಗೊತ್ತಾಗಬೇಕಲ್ಲ. ಅದೇ ಗುಂಡನ್ನು ಭಾರದ ರಿವಾಲ್ವರಿನಲ್ಲಿ ಹಾರಿಸಿದರೆ ಹಿಂದಕ್ಕೆ ಒದೆಯುವ ಬಲದ ಒಂದು ಪಾಲನ್ನು ಅದರ ತೂಕವೇ ನುಂಗಿಕೊಳ್ಳುತ್ತದೆ. ಹಗುರದ್ದರಲ್ಲಿ ಅಷ್ಟೂ ಬಂದು ಬೀಳುವುದು ಅಂಗೈಗೆ, ಮಣಿಕಟ್ಟಿಗೆ. ಮೊದಲ ಗುಂಡಿಗೇ ನಳಿಕೆಯ ತುದಿ ಮೇಲಕ್ಕೆ ಹಾರುತ್ತದೆ. ಅದನ್ನು ಇಳಿಸಿ ಮತ್ತೆ ಗುರಿ ಹಿಡಿಯಬೇಕು. ನಳಿಕೆ ಗಿಡ್ಡವಿದ್ದಷ್ಟೂ ಗುರಿ ತಪ್ಪುವುದು ಸುಲಭ. ಹೀಗಾಗಿ ಪುಟ್ಟ ರಿವಾಲ್ವರಿಗೆ ಅಭ್ಯಾಸ ಜಾಸ್ತಿ ಬೇಕು. ಅಂದರೆ ಹೊಸಬರಿಗೆ ಕಷ್ಟವಾದದ್ದನ್ನೇ ಹುಡುಕಿ, ಹೊಸಬರಿಗೇ ಅಂತ ಮಾರಿದ್ದಾರೆ.

ಇರಲಿ, ಕೊಳ್ಳೋಣ. ದುಡ್ಡು ಇದ್ದರೆ ಸಾಲದು, ಲೈಸೆನ್ಸ್ ಬೇಕು. ಬೆಂಗಳೂರಾದರೆ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ. ಅಲ್ಲಿಂದ ಅದು ನಿಮ್ಮ ಏರಿಯಾದ ಠಾಣೆಗೆ ವರದಿಗೆ ಬರುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ.

“ನಿಮಗೆ ಜೀವ ಬೆದರಿಕೆ ಇದೆಯೇನಮ್ಮಾ?”

“ಇದೆ ಸಾರ್. ಒಬ್ಬ ದಿನಾ ಹಿಂದೆ ಬರ್ತಾನೆ.”

“ಕಂಪ್ಲೇಂಟ್ ಕೊಟ್ಟಿದ್ದೀರಾ?”

“ಕೊಡೋಕೆ ಬಂದಿದ್ದೆ. ಹಿಂದೆ ಬಂದ್ರೆ ಏನಾಯ್ತು, ಏನೂ ಮಾಡಿಲ್ವಲ್ಲ ಅಂತ ನೀವೇ ವಾಪಸ್ ಕಳಿಸಿದ್ರಿ.”

“ಮತ್ತೆ? ಏನೂ ಮಾಡಿಲ್ಲ ಅಂದ್ಮೇಲೆ ಬೆದರಿಕೆ ಎಲ್ಲಿದೆ?”

ಅವರು ವರದಿಯಲ್ಲಿ ಅದನ್ನೇ ಬರೆಯುತ್ತಾರೆ. ಬರವಣಿಗೆ ಮಾತ್ರ ಬಹಳ ಚೆನ್ನಾಗಿರುತ್ತದೆ.

ಹೇಗೋ ಲೈಸೆನ್ಸ್ ಸಿಕ್ಕಿತು ಅನ್ನಿ. ಗುರಿ ಯಾರಿಗೆ? ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಕಡೆ ಆರೋಪಿ ಹೆಣ್ಣಿಗೆ ಗೊತ್ತಿರುವವನೇ ಅಂತ ಸರ್ಕಾರದ ಅಪರಾಧ ದಾಖಲೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಹೇಳುತ್ತದೆ. ನೆಂಟ, ನೆರೆಯವ, ಗೆಳೆಯ, ಆಫೀಸಿನವ. ಮನೆಗೆ ಬಂದವನಿಗೆ ಕಾಫಿ ಕೊಡುವಾಗ ಲೋಟ ಒಂದು ಕೈಲಿ, ನಿರ್ಭೀಕ್ ಇನ್ನೊಂದು ಕೈಲಿ ಇರಬೇಕೇನೋ. ಸಕ್ಕರೆ ಎಷ್ಟು ಅಂತ ಕೇಳಿದರೆ ಸರಿಯಾಗಿ ಹೇಳುತ್ತಾನೆ.

2013ರ ಬಜೆಟ್ಟಿನಲ್ಲಿ ಇದೇ ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ 1,000 ಕೋಟಿಯ ನಿರ್ಭಯಾ ನಿಧಿ ಎತ್ತಿಟ್ಟರು. ಮೊದಲ ವರ್ಷಗಳಲ್ಲಿ ಅದರ ಬಹುಪಾಲು ಖರ್ಚಾಗದೆ ಸುಮ್ನೆ ಬಿದ್ದಿತ್ತು. ಬೀದಿ ದೀಪ ಹಾಕುವುದು, ರಾತ್ರಿ ಹತ್ತರ ಮೇಲೂ ಬಸ್ ಬಿಡುವುದು, ದೂರು ಬರೆದುಕೊಳ್ಳುವುದು, ಇದನ್ನೆಲ್ಲ ಸರ್ಕಾರವೇ ಮಾಡಬೇಕು. ರಿವಾಲ್ವರ್ ಆದರೆ ನಾವೇ ಕೊಳ್ಳುತ್ತೇವೆ, ನಾವೇ ಕಲಿಯುತ್ತೇವೆ. ಗುರಿ ತಪ್ಪಿದರೆ ಕೋರ್ಟಿಗೆ ನಾವೇ ಅಲೆಯುತ್ತೇವೆ. ಬೊಕ್ಕಸಕ್ಕೆ ಖರ್ಚಿಲ್ಲ, ಮೇಲೆ 1,22,360 ಆದಾಯ.

ಪರ್ಸಿನಲ್ಲಿ ಹಿಡಿಸುತ್ತದೆ ಅನ್ನುವುದು ಇದರ ದೊಡ್ಡ ಹೆಗ್ಗಳಿಕೆ. ಮೊಬೈಲು, ಕೀ ಗೊಂಚಲು, ಕೊಡೆ, ಮಗುವಿನ ಬಿಸ್ಕತ್ತು ಎಲ್ಲ ಸರಿಸಿ ಅದರ ಹಿಡಿ ಕೈಗೆ ಸಿಗುವವರೆಗೆ ಎದುರಿದ್ದವನು ಕಾಯಬೇಕು, ಅಷ್ಟೇ. ಅದೂ ವರ್ಷವಿಡೀ ನಿಮ್ಮ ಹತ್ತಿರವೇ ಇರುತ್ತದೆ ಅಂದುಕೊಳ್ಳಬೇಡಿ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇರುವ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಿ ಅಂತ ಆದೇಶ ಬರುತ್ತದೆ. ಎಣಿಕೆ ಮುಗಿಯುವವರೆಗೆ ಪುಂಡರು ದಯವಿಟ್ಟು ಸಹಕರಿಸಬೇಕು. ನಿಮಗೆ ಸಿಗುವುದು ಒಂದು ರಸೀದಿ. ಅದು ಮಾತ್ರ ಪರ್ಸಿನಲ್ಲಿ ನಿಜವಾಗಿಯೂ ಹಿಡಿಸುತ್ತದೆ.