ಪಾಲ್ ಮಿಚೆಲ್ ಅವರನ್ನು ಒಂದೇ ವರ್ಷದಿಂದ ಅಳೆಯಬೇಡಿ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್‌ನಲ್ಲಿ ಕ್ರೀಡಾ ನಿರ್ದೇಶಕರಾಗಿ, ಅಂದರೆ ಆಟಗಾರರ ಖರೀದಿ-ಮಾರಾಟ ನೋಡಿಕೊಳ್ಳುವವರಾಗಿ, ಪಾಲ್ ಮಿಚೆಲ್ ಸೋತರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಅವರು ದೊಡ್ಡ ಆಟಗಾರರೇನಲ್ಲ. ವಿಗನ್, ಎಂಕೆ ಡಾನ್ಸ್ ಕ್ಲಬ್‌ಗಳ ಪರ ಕೆಳಗಿನ ಲೀಗ್‌ಗಳಲ್ಲಿ ಆಡಿದವರು. ಕಾಲು ಮುರಿದು, ಮತ್ತೆ ಸರಿಯಾಗಿ ಆಡಲಾಗದೆ, 2009ರಲ್ಲಿ 27ನೇ ವಯಸ್ಸಿಗೇ ಬೂಟು ಬಿಚ್ಚಿಟ್ಟರು. ಆ ವಯಸ್ಸಿಗೆ ಎಷ್ಟು ಜನ ಕುಸಿದು ಹೋಗುತ್ತಾರೆ, ಅಲ್ವಾ? ಇವರು ಅದೇ ಎಂಕೆ ಡಾನ್ಸ್‌ನಲ್ಲಿ ಆಟಗಾರರನ್ನು ಹುಡುಕುವ ಕೆಲಸಕ್ಕೆ ಕೂತರು.

ಡೆಲಿ ಆಲಿ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಮಿಚೆಲ್ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಇದೇ ಕೆಲಸಕ್ಕೆ ಹೋದ ಮೇಲೆ, 2015ರ ಫೆಬ್ರವರಿಯಲ್ಲಿ, ಸುಮಾರು 50 ಲಕ್ಷ ಪೌಂಡ್‌ಗೆ ಆ ಹುಡುಗ ಅಲ್ಲಿಗೆ ಬಂದ. 2016 ಮತ್ತು 2017, ಎರಡು ವರ್ಷವೂ ಇಂಗ್ಲೆಂಡಿನ ಆಟಗಾರರ ಸಂಘದ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ ಅವನಿಗೇ! ಅದೇ 2015ರ ಬೇಸಿಗೆಯಲ್ಲಿ ಸನ್ ಹ್ಯೂಂಗ್ ಮಿನ್, ಆಲ್ಡರ್‌ವೆರೆಲ್ಡ್‌ರಂಥ ಆಟಗಾರರೂ ಟಾಟನ್‌ಹ್ಯಾಮ್‌ಗೆ ಬಂದರು. ಆಮೇಲೆ ಮಿಚೆಲ್ ಲೈಪ್‌ಜಿಗ್, ಮೊನಾಕೊ ಕ್ಲಬ್‌ಗಳಲ್ಲೂ ಕೆಲಸ ಮಾಡಿದರು.

ನ್ಯೂಕ್ಯಾಸಲ್‌ಗೆ ಅವರು ಬಂದದ್ದು 2024ರ ಜುಲೈನಲ್ಲಿ. ಕ್ಲಬ್‌ಗಳ ನಷ್ಟಕ್ಕೆ ಮಿತಿ ಹಾಕುವ ಲೀಗ್‌ನ ಖರ್ಚಿನ ನಿಯಮಕ್ಕೆ ಹೆದರಿ ಕ್ಲಬ್ ಆಗಷ್ಟೇ ತನ್ನ ಅಕಾಡೆಮಿಯಲ್ಲೇ ಬೆಳೆದ ಎಲಿಯಟ್ ಆಂಡರ್ಸನ್‌ನನ್ನೇ ಮಾರಿತ್ತು. ರಕ್ಷಣಾ ಆಟಗಾರ ಮಾರ್ಕ್ ಗೆಹಿಗಾಗಿ ನ್ಯೂಕ್ಯಾಸಲ್ ಎಷ್ಟು ಬೆಲೆ ಏರಿಸಿದರೂ ಅವನ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್ ಬಿಡಲಿಲ್ಲ. ಅದು ಹಿನ್ನಡೆಯೇ, ಇಲ್ಲ ಅನ್ನಲ್ಲ. ಆದರೆ ಕೈ ಕಟ್ಟಿ ಕೂರಿಸಿ, ಒಂದೇ ವರ್ಷಕ್ಕೆ ಸುಮ್ನೆ ಸೋತವರು ಅಂತ ಹಣೆಪಟ್ಟಿ ಹಚ್ಚುವುದು ನನಗೆ ನಿಜಕ್ಕೂ ಬೇಸರ ತಂದಿತು.