ಕಾರಿಗೊಂದು ಆಲ್ಬಂ

ಹೊಸ ಕಾರು ಬಂದರೆ ನಾವು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಹಾರ ಹಾಕಿ, ದೇವಸ್ಥಾನದವರೆಗೆ ಒಂದು ರೌಂಡ್ ಹೊಡೆದು ಬರುತ್ತೇವೆ. ಮ್ಯಾಂಚೆಸ್ಟರಿನ ಟೋನಿ ವಿಲ್ಸನ್ ಸಾಹೇಬರು ಆಲ್ಬಂ ಮಾಡಿಸಿದರು.

ತಮಾಷೆಗೆ ಹೇಳುತ್ತಿಲ್ಲ. ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಈ ವಿಲ್ಸನ್ ಒಂದು ಜಾಗ್ವಾರ್ ಕೊಂಡರು. ಅದರಲ್ಲಿ ಸಿಡಿ ಪ್ಲೇಯರ್ ಇತ್ತು, ಆ ಕಾಲಕ್ಕೆ ಅದು ದೊಡ್ಡ ಶೋಕಿ. ತಮ್ಮದೇ ಕಂಪನಿಯ ನ್ಯೂ ಆರ್ಡರ್ ಬ್ಯಾಂಡಿನ ಸಿಂಗಲ್‌ಗಳನ್ನೆಲ್ಲ, ಅಂದರೆ ಆಲ್ಬಮ್ಮಿಲ್ಲದೆ ಬಿಡಿಯಾಗಿ ಮಾರಿದ ಹಾಡುಗಳನ್ನೆಲ್ಲ, ಅದರಲ್ಲಿ ಕೇಳಿಕೊಂಡು ಹೋಗಬೇಕು ಅಂತ ಆಸೆ ಆಯಿತಂತೆ. ನೋಡಿದರೆ ಅಂಥ ಸಿಡಿಯೇ ಇಲ್ಲ. ನಮಗೆ ಹೀಗಾದರೆ ಬೇರೆ ಏನೋ ಹಾಕಿಕೊಂಡು ಸುಮ್ಮನಾಗುತ್ತೇವೆ, ಅಲ್ವಾ? ಸಾಹೇಬರ ಹತ್ತಿರ ಕಂಪನಿಯೇ ಇತ್ತು. 1987ರ ಆಗಸ್ಟಿನಲ್ಲಿ 'ಸಬ್‌ಸ್ಟನ್ಸ್' ಹೊರಗೆ ಬಂತು. ಹೆಸರಿನ ಅರ್ಥ ತಿರುಳು.

ಈ ಬ್ಯಾಂಡಿಗೆ ಒಂದು ನಿಯತ್ತು ಇತ್ತು, ಅದನ್ನೂ ಹೇಳಬೇಕು. ಸಿಂಗಲ್ ಕೊಂಡವರಿಗೆ ಅದೇ ಹಾಡನ್ನು ಆಲ್ಬಮ್ಮಿಗೆ ಸೇರಿಸಿ ಇನ್ನೊಂದು ಸಲ ಮಾರಬಾರದು ಅಂತ ಎಷ್ಟೋ ಹಾಡುಗಳನ್ನು ಹೊರಗೇ ಇಟ್ಟಿದ್ದರು. ಎಂಥ ಒಳ್ಳೆಯವರು! ಆರು ವರ್ಷ ಹೀಗೆ ಜೋಪಾನವಾಗಿ ಕಾಪಾಡಿಕೊಂಡು ಬಂದ ನಿಯತ್ತನ್ನು ಕೊನೆಗೆ ಡಬಲ್ ಆಲ್ಬಂ ಮಾಡಿ ಒಟ್ಟಿಗೇ ಮಾರಿದರು.

'ಬ್ಲೂ ಮಂಡೇ' ವಿಷಯವಂತೂ ಕೇಳಲೇಬೇಡಿ. ಅಲ್ಲ, ಕೇಳಿ. 1983ರಲ್ಲಿ ಬಂದ ಸಿಂಗಲ್ ಅದು, ಪೀಟರ್ ಸಾವಿಲ್ ಮಾಡಿದ ಕವರು ನೋಡಲು ಥೇಟ್ ಕಂಪ್ಯೂಟರಿನ ಫ್ಲಾಪಿ, ರಟ್ಟಿನಲ್ಲಿ ಅಲ್ಲಲ್ಲಿ ಕತ್ತರಿಸಿದ ತೂತುಗಳು. ಮುಂದುಗಡೆ ಬ್ಯಾಂಡಿನ ಹೆಸರಿಲ್ಲ, ಹಾಡಿನ ಹೆಸರಿಲ್ಲ. ಅಂಚಿನಲ್ಲಿ ಮಕ್ಕಳ ಕ್ರೇಯಾನ್ ಡಬ್ಬಿ ಥರ ಬಣ್ಣದ ಚೌಕಗಳಿವೆ, ಅದೇ ಹೆಸರು. ಓದಬೇಕಾದರೆ ಕೀಲಿ ಬೇಕು. ಕೀಲಿ ಎಲ್ಲಿದೆ? ಅದೇ ವರ್ಷ ಬಂದ ಇನ್ನೊಂದು ಆಲ್ಬಮ್ಮಿನ ಹಿಂಬದಿಯಲ್ಲಿ, ಬಣ್ಣದ ಚಕ್ರದ ರೂಪದಲ್ಲಿ. ಇಂಗ್ಲೆಂಡಿನಲ್ಲಿ ಮಾರಿದ ಆ ಆಲ್ಬಮ್ಮಿನೊಳಗೆ 'ಬ್ಲೂ ಮಂಡೇ' ಇತ್ತಾ? ಇರಲಿಲ್ಲ. ಅಂದರೆ ನೀವು ಕೊಂಡ ಹಾಡಿನ ಹೆಸರು ಓದಲು ಆ ಹಾಡೇ ಇಲ್ಲದ ಆಲ್ಬಂ ಕೊಳ್ಳಬೇಕು. ನಮ್ಮ ಸರ್ಕಾರಿ ಕಚೇರಿಗಳು ಒಂದು ಅರ್ಜಿಗೆ ಇನ್ನೊಂದು ಅರ್ಜಿಯ ನಕಲು ಕೇಳುವುದನ್ನು ಇವರಿಂದಲೇ ಕಲಿತವೇನೋ ಅಂತ ನನಗೆ ಅನುಮಾನ. ಇಷ್ಟೆಲ್ಲ ಆಗಿ, ರಟ್ಟು ಕತ್ತರಿಸುವ ಖರ್ಚಿನಿಂದ ಒಂದೊಂದು ಪ್ರತಿ ಮಾರಿದಾಗಲೂ ಐದು ಪೆನ್ಸ್ ಲುಕ್ಸಾನು ಅಂತ ಸ್ವತಃ ವಿಲ್ಸನ್ ಹೇಳಿಕೊಂಡು ತಿರುಗುತ್ತಿದ್ದರು. ಪುಣ್ಯಕ್ಕೆ ಹಾಡು ಸೋಲಲಿಲ್ಲ, ಲಕ್ಷಗಟ್ಟಲೆ ಮಾರಾಟವಾಯಿತು. ಲೆಕ್ಕ ನೀವೇ ಹಾಕಿಕೊಳ್ಳಿ.

ಕಂಪನಿಗೆ ಇನ್ನೊಂದು ಚಟ, ಕಂಡದ್ದಕ್ಕೆಲ್ಲ ನಂಬರ್ ಕೊಡುವುದು. ತಾವೇ ನಡೆಸುತ್ತಿದ್ದ ನೈಟ್‌ಕ್ಲಬ್ಬಿಗೆ 51. ಬ್ಯಾಂಡಿನ ಮ್ಯಾನೇಜರ್ ಹಲ್ಲು ಕಟ್ಟಿಸಿದ್ದಕ್ಕೆ 99. ಕ್ಲಬ್ಬಿನ ಬೆಕ್ಕಿಗೆ 191. ತಮ್ಮ ಮೇಲೆಯೇ ಹಾಕಿದ ಕೋರ್ಟ್ ಕೇಸಿಗೂ ಒಂದು ನಂಬರ್. 'ಸಬ್‌ಸ್ಟನ್ಸ್'ಗೆ 200, ಬೆಕ್ಕಿಗೂ ಅದಕ್ಕೂ ಒಂಬತ್ತೇ ನಂಬರ್ ಅಂತರ.

ಸರಿ, ಹಳೇ ಹಾಡುಗಳ ಸಂಗ್ರಹ ಅಂತ ಮನೆಗೆ ತಂದಿರಿ. ಒಳಗೆ ನೋಡಿದರೆ 'ಟೆಂಪ್ಟೇಷನ್' ಮತ್ತು 'ಕನ್‌ಫ್ಯೂಷನ್' ಹಳೇವಲ್ಲ, ಈ ಆಲ್ಬಮ್ಮಿಗೆ ಅಂತಲೇ 1987ರಲ್ಲಿ ಹೊಸದಾಗಿ ಹಾಡಿದ್ದು. ಮದುವೆ ಫೋಟೋದಲ್ಲಿ ಚಿಕ್ಕಮ್ಮ ಕಣ್ಣು ಮುಚ್ಚಿದ್ದರು ಅಂತ ಐದು ವರ್ಷ ಆದಮೇಲೆ ಅದೇ ಸೀರೆ ಉಡಿಸಿ, ಫೋಟೋ ತೆಗೆದು, ಆಲ್ಬಮ್ಮಿಗೆ ಅಂಟಿಸಿದ ಹಾಗೆ. ಚಿಕ್ಕಮ್ಮ ಚೆನ್ನಾಗಿಯೇ ಬಂದಿದ್ದಾರೆ, ಒಪ್ಪುತ್ತೇನೆ. ಆದರೆ ಮದುವೆಗೆ ಹೋದವರಿಗೆ ಗೊತ್ತಾಗುತ್ತದೆ.

ಇಷ್ಟರಲ್ಲಿ ಕಂಪನಿಯೇ ಮುಳುಗಿತು. 1992ರಲ್ಲಿ ಲಂಡನ್ ರೆಕಾರ್ಡ್ಸ್‌ನವರು ಕೊಳ್ಳಲು ಬಂದು ಕಾಗದ ಪತ್ರ ತೆಗೆಸಿದರೆ, ಹಾಡುಗಳ ಹಕ್ಕೆಲ್ಲ ಬ್ಯಾಂಡಿನವರದೇ, ಕಂಪನಿಯದು ಏನೂ ಇಲ್ಲ. ಬೆಕ್ಕಿಗೂ ಕ್ರಮಸಂಖ್ಯೆ ಕೊಟ್ಟವರು ಹಾಡಿಗೆ ಒಂದು ಕರಾರು ಪತ್ರ ಸರಿಯಾಗಿ ಬರೆಸಿಕೊಂಡಿರಲಿಲ್ಲ.

ಮುಂದಿನದು 2023. ಅದೇ 'ಸಬ್‌ಸ್ಟನ್ಸ್' ಮತ್ತೆ ಬಂತು. ಎಲ್‌ಪಿ ಬಂತು, ಕ್ಯಾಸೆಟ್ಟೂ ಬಂತು, ನಾಲ್ಕು ಸಿಡಿಯ ಸೆಟ್ಟೂ ಬಂತು. ನಾಲ್ಕನೆಯ ಸಿಡಿಯಲ್ಲಿ ಏನಿದೆ ಗೊತ್ತಾ? 1987ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಬ್ಯಾಂಡ್ ಇದೇ ಹಾಡುಗಳನ್ನು ಇದೇ ಸಾಲಿನಲ್ಲಿ ವೇದಿಕೆ ಮೇಲೆ ಹಾಡಿದ್ದು. ಒಬ್ಬರ ಕಾರಿಗೆ ಅಂತ ಜೋಡಿಸಿದ ಪಟ್ಟಿಯನ್ನು ಜನರೆದುರು ಹಾಡಿ, ಅದನ್ನು ರೆಕಾರ್ಡ್ ಮಾಡಿ, ಆ ಪಟ್ಟಿಯ ಜೊತೆಗೇ ಡಬ್ಬಿಗೆ ಹಾಕಿ ಮಾರುತ್ತಾರೆ. ಹಿಂದೆ ಬೀದಿಯಲ್ಲಿ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬರುತ್ತಿದ್ದರು. ಇವರು ದುಡ್ಡು ತೆಗೆದುಕೊಂಡು ನಿಮ್ಮ ಹಳೇ ಬಟ್ಟೆಯನ್ನೇ ಇಸ್ತ್ರಿ ಮಾಡಿ ಕೊಡುತ್ತಾರೆ.

ನಾನು ಕೊಂಡೆನಾ? ಕೊಂಡೆ. ನನ್ನ ಹತ್ತಿರ ಗೆಳೆಯನಿಂದ ಕಾಪಿ ಮಾಡಿಸಿದ ಹಳೇ ಕ್ಯಾಸೆಟ್ ಇದೆ, ಆಮೇಲೆ ಕೊಂಡ ಸಿಡಿ ಇದೆ, ಫೋನಿನಲ್ಲಿ ಬೇರೆ ಇದೆ. ಆದರೂ ನಾಲ್ಕು ಸಿಡಿಯದು ತರಿಸಿದೆ. ಬೈಯುವವರೇ ಜಾಸ್ತಿ ಕೊಳ್ಳುವುದು.

ಹೋದ ತಿಂಗಳು ಕಾರು ನೋಡಲು ಒಂದು ಶೋರೂಮಿಗೆ ಹೋಗಿದ್ದೆ. ಸೀಟು ನೋಡಿದೆ, ಡಿಕ್ಕಿ ನೋಡಿದೆ. ಆಮೇಲೆ ಡ್ಯಾಶ್‌ಬೋರ್ಡ್ ತಡವಿ, ಸಿಡಿ ಎಲ್ಲಿ ಹಾಕುವುದು ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಿದ.

"ಸರ್, ಬ್ಲೂಟೂತ್ ಇದೆ. ಸಿಡಿ ಈಗ ಯಾರೂ ಕೇಳಲ್ಲ."

"ಇದಕ್ಕೆ ಅಂತಲೇ ಮಾಡಿದ ಆಲ್ಬಂ ಒಂದಿದೆಯಪ್ಪ."

"ಯಾವ ಮಾಡೆಲ್‌ಗೆ ಸರ್?"

ಜಾಗ್ವಾರ್ ಅಂದೆ. ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ.